ಆಕಾಶವಾಣಿಗೂ ನೆಲದ ಆಸರೆ

1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ಪುಟ್ಟ ಕೇಂದ್ರಕ್ಕೆ ಸಂದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ದೇಶದ ಬಾನುಲಿಗೂ ಹೆಸರಾಯಿತು. ಆಕಾಶದಿಂದ ಇಳಿದುಬರುವ ಈ ವಾಣಿ ಸ್ವಚ್ಛವಾಗಿ ಕೇಳಬೇಕಾದರೆ, ಅದನ್ನು ಹಿಡಿಯುವ ಯಂತ್ರಕ್ಕೆ ನೆಲದ ಆಸರೆ ಬೇಕು. ಈ ದಿನ ನಾನು ಹೇಳಹೊರಟಿರುವುದು ಆ ಆಸರೆಯ ವಿಚಾರ.

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಒಳರಸ್ತೆಗಳಲ್ಲಿ ಕಾರಿನ ರೇಡಿಯೋವನ್ನು ಮಧ್ಯಮ ತರಂಗಕ್ಕೆ ತಿರುಗಿಸಿ ಸಾಗಿದರೆ, ಹಾಡಿಗಿಂತ ಚಟಪಟ ಸದ್ದೇ ಹೆಚ್ಚು. ಪಕ್ಕದ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಆಕಾಶವಾಣಿಗೇ ಪ್ರಸಾರ ಯಂತ್ರಗಳನ್ನು ತಯಾರಿಸಿಕೊಟ್ಟಿತು. ಅದರ ನೆರೆಯಲ್ಲಿಯೇ ಆಕಾಶವಾಣಿ ಕೇಳಿಸದಿರುವುದು ಒಂದು ವಿನೋದ. ಕಾರಣ ಸರಳ. ವೆಲ್ಡಿಂಗಿನ ಕಿಡಿ, ಮೋಟಾರಿನ ಕಿಡಿ, ಯಾವುದೇ ಇರಲಿ, ಪ್ರತಿಯೊಂದು ಕಿಡಿಯೂ ಒಂದು ಸಣ್ಣ ಪ್ರಸಾರ ಕೇಂದ್ರ. ಮಧ್ಯಮ ತರಂಗದಲ್ಲಿ ಮಾತು ಅಲೆಯ ಏರಿಳಿತದಲ್ಲಿ ಅಡಗಿರುತ್ತದೆ. ಕಿಡಿಯೂ ಆ ಏರಿಳಿತವನ್ನೇ ಕೆಡಿಸುತ್ತದೆ. ಎಫ್.ಎಂ.ನಲ್ಲಿ ಮಾತು ಇರುವುದು ಅಲೆಯ ಆವೃತ್ತಿಯ ಬದಲಾವಣೆಯಲ್ಲಿ. ಆದ್ದರಿಂದ ಅದೇ ರಸ್ತೆಯಲ್ಲಿ 101.3 ಮೆಗಾಹರ್ಟ್ಸ್‌ನ ಎಫ್.ಎಂ. ಬಹುಮಟ್ಟಿಗೆ ನಿರ್ಮಲವಾಗಿ ಕೇಳುತ್ತದೆ.

ಸದ್ದೆಲ್ಲ ಹೊರಗಿನದೇ ಎಂದುಕೊಳ್ಳಬಾರದು. ಕಾರ್ಖಾನೆಗಳಿಂದ ದೂರ, ಬಯಲಿನಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ ರೇಡಿಯೋ ಮಾತ್ರ ಹಚ್ಚಿ ಕೇಳಿ. ಫೋನಿನ ಚಾರ್ಜರನ್ನು ಕಿತ್ತೊಡನೆ ಬುಸುಗುಟ್ಟುವಿಕೆ ನಿಂತರೆ ಅಪರಾಧಿ ಅದೇ. ಎಂಜಿನ್ ಹಚ್ಚಿದ ಮೇಲೆ ವೇಗಕ್ಕೆ ತಕ್ಕಂತೆ ಟಿಕ್ ಟಿಕ್ ಎಂದರೆ ಪೆಟ್ರೋಲ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ಕಡೆ ನೋಡಬೇಕು. ಸೀಟಿಯಂತೆ ಏರುತ್ತ ಇಳಿಯುತ್ತ ಕೊರಗಿದರೆ ಆಲ್ಟರ್ನೇಟರು. ಹಳ್ಳದಲ್ಲಿ ಚಕ್ರ ಇಳಿದಾಗಲಷ್ಟೇ ಕರಕರ ಎಂದರೆ ಎಲ್ಲೋ ಬೆಸುಗೆ ಬಿಟ್ಟಿದೆ, ಇಲ್ಲವೆ ತಿರುಪು ಸಡಿಲಾಗಿದೆ. ಇನ್ನೊಂದು ಪರೀಕ್ಷೆ: ರೇಡಿಯೋದ ಹಿಂಬದಿಯಿಂದ ಏರಿಯಲ್ ತಂತಿಯನ್ನು ತೆಗೆಯಿರಿ. ಸದ್ದು ಅಡಗಿದರೆ ಅದು ಏರಿಯಲ್ ದಾರಿಯಿಂದ ಬಂದದ್ದು. ಅಡಗದಿದ್ದರೆ ವಿದ್ಯುತ್ತಿನ ದಾರಿಯಿಂದ ಬಂದದ್ದು.

ಈ ವಿದ್ಯುತ್ತಿನ ದಾರಿಯಲ್ಲಿ ಅರ್ಧವನ್ನು ನಾವು ಮರೆತಿರುತ್ತೇವೆ. ಹೋದ ವಿದ್ಯುತ್ತು ಹಿಂದಿರುಗಲೇಬೇಕು. ಕಾರು ರಬ್ಬರ್ ಚಕ್ರಗಳ ಮೇಲೆ ನಿಂತಿರುವುದರಿಂದ ಅದಕ್ಕೆ ಭೂಮಿಯ ಸಂಪರ್ಕವಿಲ್ಲ. ಅದರ ಕಬ್ಬಿಣದ ಮೈಯೇ ಅದಕ್ಕೆ ಭೂಮಿ. ದೀಪ, ಹಾರ್ನ್, ರೇಡಿಯೋಗಳ ವಿದ್ಯುತ್ತೆಲ್ಲ ಈ ಮೈಯ ಮೂಲಕವೇ ಬ್ಯಾಟರಿಗೆ ಮರಳುತ್ತದೆ. ತಿರುಪಿನ ಬುಡದಲ್ಲಿ ಬಣ್ಣವೋ ತುಕ್ಕೋ ಸೇರಿ ಒಂದು ಓಮಿನ ಇಪ್ಪತ್ತನೆಯ ಒಂದು ಭಾಗದಷ್ಟು ತಡೆ ಉಂಟಾಯಿತೆನ್ನಿ. ಅಲ್ಲಿ 10 ಆಂಪಿಯರ್ ಹರಿದರೆ ಅರ್ಧ ವೋಲ್ಟ್ ಉಳಿದುಬಿಡುತ್ತದೆ. ಆ ಅರ್ಧ ವೋಲ್ಟಿನ ಅಲುಗಾಟವೇ ಹಾಡಿನೊಳಗೆ ನುಸುಳುವ ಗೊಣಗಾಟ.

ಅಗ್ಗದ ಮಲ್ಟಿಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ರೇಡಿಯೋದ ಲೋಹದ ಕವಚಕ್ಕೂ ಮುಟ್ಟಿಸಿ, ರೇಡಿಯೋ ನುಡಿಯುತ್ತಿರುವಾಗಲೇ ನೋಡಿ. 0.1 ವೋಲ್ಟಿಗಿಂತ ಹೆಚ್ಚು ತೋರಿದರೆ ಮರಳುವ ದಾರಿ ಕೆಟ್ಟಿದೆ ಎಂದು ತಿಳಿಯಬಹುದು. ರಿಪೇರಿಗೆ ಮೊದಲು ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಬೇಕು. ಬಣ್ಣ ಕೆರೆದು, ತುಕ್ಕು ಉಜ್ಜಿ, ಗಿಡ್ಡನೆಯ ದಪ್ಪ ತಂತಿಯನ್ನು ತಿರುಪಿನಿಂದ ಬಿಗಿದು, ಮೇಲೆ ಗ್ರೀಸು ಸವರಿದರೆ ಕೆಲಸ ಮುಗಿಯಿತು. ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ತಂತಿಗಳನ್ನು ಮಾತ್ರ ಯಾರೂ ಮುಟ್ಟಕೂಡದು. ಅವುಗಳಲ್ಲಿರುವುದು ಪ್ರಾಣಾಂತಿಕ ವಿದ್ಯುತ್ತು.

ಹಳೆಯ ಕಾರಿನ ರೇಡಿಯೋವನ್ನು ಮನೆಗೆ ತಂದು, ಅಡಾಪ್ಟರಿನ ಮೂಲಕ 12 ವೋಲ್ಟ್ ಕೊಟ್ಟು, ಟಿ.ವಿ.ಗೋ ಕಂಪ್ಯೂಟರಿಗೋ ಜೋಡಿಸಿ ಕೇಳುವವರು ನಮ್ಮಲ್ಲಿ ಬಹಳ. ಮನೆಯಲ್ಲಿ ಸೀಟಿಯ ಬದಲು ಜೇನುಹುಟ್ಟಿನಂಥ ಗುಂಯ್‌ಗುಡುವಿಕೆ ಕೇಳಬಹುದು. ಅದು ಸೆಕೆಂಡಿಗೆ 50 ಬಾರಿ ಕಂಪಿಸುವ ಮನೆಯ ವಿದ್ಯುತ್ತಿನ ದನಿ. ಜೋಡಿಸಿದ ಎರಡು ಉಪಕರಣಗಳಿಗೆ ಬೇರೆ ಬೇರೆ ಭೂಸಂಪರ್ಕದ ದಾರಿಗಳಿದ್ದಾಗ ಅವೆರಡೂ ಕೂಡಿ ಒಂದು ಕುಣಿಕೆಯಾಗುತ್ತದೆ. ಗುಂಯ್ ಎನ್ನುವುದು ಆ ಕುಣಿಕೆಯಲ್ಲಿ ಸುತ್ತುವ ವಿದ್ಯುತ್ತು.

ಇಲ್ಲಿ ಒಂದು ಅಪಾಯದ ಜಾಣತನವಿದೆ. ಪ್ಲಗ್ಗಿನ ಮೂರನೆಯ ದಪ್ಪ ಕಡ್ಡಿಯನ್ನು ಮುರಿದರೆ ಕುಣಿಕೆ ಕಡಿದು ಗುಂಯ್‌ಗುಡುವಿಕೆ ನಿಲ್ಲುತ್ತದೆ. ರೇಡಿಯೋ ಸುಮ್ಮನಾಯಿತೆಂದು ಮನೆಯವರೂ ಸುಮ್ಮನಾಗುತ್ತಾರೆ. ಆದರೆ ಕಾರಿನ 'ಭೂಮಿ' ಬೇರೆ, ಮನೆಯ ಭೂಮಿ ಬೇರೆ. ಕಾರಿನಲ್ಲಿ ಅದು ದಿನನಿತ್ಯ ವಿದ್ಯುತ್ತು ಮರಳುವ ಹಾದಿ. ಮನೆಯಲ್ಲಿ ಅದು ಆಪತ್ಕಾಲದ ಹಾದಿ. ಒಳಗಿನ ತಂತಿ ಸವೆದು ಉಪಕರಣದ ಲೋಹದ ಮೈಗೆ ತಗುಲಿದ ದಿನ, ವಿದ್ಯುತ್ತು ಆ ಮೂರನೆಯ ಕಡ್ಡಿಯ ಮೂಲಕ ಓಡಿ ಫ್ಯೂಸನ್ನು ಸುಡುತ್ತದೆ. ಕಡ್ಡಿಯಿಲ್ಲದಿದ್ದರೆ ಅದು ಮುಟ್ಟಿದವರ ಮೈಯ ಮೂಲಕ ಹಾದುಹೋಗುತ್ತದೆ. ಗುಂಯ್‌ಗುಡುವಿಕೆಗೆ ಕ್ಷೇಮವಾದ ಮದ್ದೆಂದರೆ ಎರಡು ಉಪಕರಣಗಳಿಗೂ ಒಂದೇ ಬೋರ್ಡಿನಿಂದ ವಿದ್ಯುತ್ ಕೊಡುವುದು. ಅದೂ ಸಾಲದಿದ್ದರೆ ಧ್ವನಿಯ ತಂತಿಯ ನಡುವೆ ಸಣ್ಣ ಐಸೊಲೇಷನ್ ಟ್ರಾನ್ಸ್‌ಫಾರ್ಮರನ್ನು ಇಡುವುದು.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಸುತ್ತ ಎದ್ದಿರುವ ಬಾಡಿಗೆ ಕೋಣೆಗಳಲ್ಲಿ ಇರುವವರಿಗೆ ಇನ್ನೊಂದು ಮಾತು. ಗೋಡೆಯ ಮೇಲೆ ಮೂರು ತೂತುಗಳಿದ್ದ ಮಾತ್ರಕ್ಕೆ ಮೂರನೆಯ ತೂತು ಭೂಮಿಯನ್ನು ಮುಟ್ಟಿದೆ ಎನ್ನಲಾಗದು. ಅರ್ಹ ಎಲೆಕ್ಟ್ರಿಷಿಯನ್ನರಿಂದ ಅಳತೆ ಮಾಡಿಸಬೇಕು. 30 ಮಿಲಿ ಆಂಪಿಯರ್ ಸೋರಿದರೂ ವಿದ್ಯುತ್ತನ್ನು ಕಡಿಯುವ ಆರ್.ಸಿ.ಸಿ.ಬಿ. ಇದೆಯೇ ಎಂದು ಮಾಲೀಕರನ್ನು ಕೇಳಬೇಕು. ಸ್ವಂತ ಮನೆಯವರಾದರೆ, ಇದ್ದಿಲು ಉಪ್ಪು ತುಂಬಿ ಹೂತ ಭೂಸಂಪರ್ಕದ ಗುಂಡಿ ಎಲ್ಲಿದೆ ಎಂದು ಹುಡುಕಿ ನೋಡಿ. ಅನೇಕ ಮನೆಗಳಲ್ಲಿ ಅದರ ಮೇಲೆ ಈಗ ಟೈಲ್ಸ್ ಬಿದ್ದಿರುತ್ತದೆ. ಒಣಗಿದ ಮಣ್ಣು ವಿದ್ಯುತ್ತನ್ನು ಸರಿಯಾಗಿ ಒಯ್ಯದು. ಬೇಸಿಗೆಯಲ್ಲಿ ತುಳಸಿಗೆ ನೀರೆರೆಯುವಾಗ ಆ ಗುಂಡಿಗೂ ಒಂದು ಬಿಂದಿಗೆ ನೀರು ಸಲ್ಲಲಿ.