ಬಡ ರೋಗಿಗಳ ಆಸ್ಪತ್ರೆ ವೆಚ್ಚ ಮತ್ತು ಸರ್ಕಾರದ ಹೊಣೆ (ಭಾರತ)

ಸಾರ್ವಜನಿಕ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದ ಬಡ ರೋಗಿಯು ಶುಲ್ಕವನ್ನು ಪಾವತಿಸಲಾರದೆ ಹೋದಾಗ ಆ ವೆಚ್ಚವನ್ನು ಯಾರು ಭರಿಸಬೇಕೆಂಬುದು ಭಾರತದ ಆರೋಗ್ಯ ನೀತಿಯಲ್ಲಿ ಹಿಂದಿನಿಂದಲೂ ಇರುವ ಪ್ರಶ್ನೆಯಾಗಿದೆ. ಎಲ್ಲ ಬಡ ರೋಗಿಗಳ ಬಾಕಿಯನ್ನೂ ಸರ್ಕಾರವೇ ತೀರಿಸತಕ್ಕದ್ದೆಂದು ನೇರವಾಗಿ ಹೇಳುವ ಒಂದೇ ಕೇಂದ್ರ ಕಾನೂನು ಇಲ್ಲ. ಸಂವಿಧಾನದ ವಿಧಿಗಳು, ನ್ಯಾಯಾಲಯಗಳ ತೀರ್ಪುಗಳು, ಶುಲ್ಕ ವಿನಾಯಿತಿಯ ಆದೇಶಗಳು ಹಾಗೂ ವಿಮಾ ಮಾದರಿಯ ಯೋಜನೆಗಳು ಒಟ್ಟುಗೂಡಿ ಈ ಹೊಣೆಯನ್ನು ರೂಪಿಸಿವೆ.

ಹಿನ್ನೆಲೆ

1943ರಲ್ಲಿ ನೇಮಕಗೊಂಡ ಭೋರ್ ಸಮಿತಿಯು 1946ರಲ್ಲಿ ಸಲ್ಲಿಸಿದ ವರದಿಯಲ್ಲಿ, ಹಣವಿಲ್ಲವೆಂಬ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದೆಂಬ ತತ್ವವನ್ನು ಮುಂದಿಟ್ಟಿತು. ಸಂವಿಧಾನದ 41ನೆಯ ವಿಧಿಯು ಕಾಯಿಲೆಯ ಸಂದರ್ಭದಲ್ಲಿ ಸಾರ್ವಜನಿಕ ನೆರವನ್ನೂ, 47ನೆಯ ವಿಧಿಯು ಸಾರ್ವಜನಿಕ ಆರೋಗ್ಯದ ಸುಧಾರಣೆಯನ್ನೂ ರಾಜ್ಯದ ಕರ್ತವ್ಯವೆಂದು ಹೇಳುತ್ತವೆ. ಇವೆರಡೂ ನಿರ್ದೇಶಕ ತತ್ವಗಳಾಗಿರುವುದರಿಂದ ಇವನ್ನೇ ಆಧರಿಸಿ ನ್ಯಾಯಾಲಯದ ಮೂಲಕ ಹಕ್ಕು ಸಾಧಿಸಲು ಬರುವುದಿಲ್ಲ. ಜೀವಿಸುವ ಹಕ್ಕನ್ನು ನೀಡುವ 21ನೆಯ ವಿಧಿಯೊಂದಿಗೆ ಸೇರಿಸಿ ಓದಿದ ಮೇಲೆಯೇ ಇವುಗಳಿಗೆ ಬಲ ಬಂದಿತು. ಆಸ್ಪತ್ರೆ ಮತ್ತು ಔಷಧಾಲಯಗಳು ಏಳನೆಯ ಅನುಸೂಚಿಯ ರಾಜ್ಯಪಟ್ಟಿಗೆ ಸೇರಿರುವುದರಿಂದ ಮೊದಲ ಹೊಣೆ ರಾಜ್ಯ ಸರ್ಕಾರದ್ದು.

1996ರ ತೀರ್ಪು

ಈ ವಿಷಯದಲ್ಲಿ ಅತಿ ಮುಖ್ಯವಾದುದು ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ ಮತ್ತು ಪಶ್ಚಿಮ ಬಂಗಾಳ ಸರ್ಕಾರದ ನಡುವಣ ಪ್ರಕರಣ. 1992ರ ಜುಲೈ 8ರ ಸಂಜೆ ಆ ಸಮಿತಿಯ ಸದಸ್ಯರೊಬ್ಬರು ಮಥುರಾಪುರ ನಿಲ್ದಾಣದಲ್ಲಿ ರೈಲಿನಿಂದ ಬಿದ್ದು ತಲೆಗೆ ತೀವ್ರವಾಗಿ ಪೆಟ್ಟು ಮಾಡಿಕೊಂಡರು. ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಮೊದಲ್ಗೊಂಡು ಕಲ್ಕತ್ತೆಯ ದೊಡ್ಡ ಸರ್ಕಾರಿ ಆಸ್ಪತ್ರೆಗಳವರೆಗೆ ಒಂದಾದ ಮೇಲೊಂದರಂತೆ ಕರೆದೊಯ್ಯಲಾಯಿತು. ಕೆಲವೆಡೆ ಹಾಸಿಗೆ ಇರಲಿಲ್ಲ, ಕೆಲವೆಡೆ ಅಗತ್ಯ ಸೌಲಭ್ಯವಿರಲಿಲ್ಲ. ಕೊನೆಗೆ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿ, ಸುಮಾರು 17,000 ರೂಪಾಯಿ ವೆಚ್ಚ ಮಾಡಬೇಕಾಯಿತು. ಕೃಷಿ ಕಾರ್ಮಿಕರ ಸಂಘಟನೆಯ ಸದಸ್ಯರೊಬ್ಬರಿಗೆ ಅಂದಿನ ಕಾಲಕ್ಕೆ ಇದು ಸಣ್ಣ ಮೊತ್ತವಲ್ಲ.

ಸರ್ವೋಚ್ಚ ನ್ಯಾಯಾಲಯವು 1996ರ ಮೇ 6ರಂದು ನೀಡಿದ ತೀರ್ಪಿನಲ್ಲಿ, ಸರ್ಕಾರಿ ಆಸ್ಪತ್ರೆಯು ಸಕಾಲದಲ್ಲಿ ಚಿಕಿತ್ಸೆ ನೀಡದಿರುವುದು 21ನೆಯ ವಿಧಿಯ ಉಲ್ಲಂಘನೆಯೆಂದು ಹೇಳಿ, 25,000 ರೂಪಾಯಿ ಪರಿಹಾರ ಕೊಡಲು ರಾಜ್ಯ ಸರ್ಕಾರಕ್ಕೆ ಆದೇಶಿಸಿತು. ಬೊಕ್ಕಸದಲ್ಲಿ ಹಣವಿಲ್ಲವೆಂಬ ವಾದಕ್ಕೆ ಕೊಟ್ಟ ಉತ್ತರ ಗಮನಾರ್ಹವಾದುದು. ಬಡ ಆರೋಪಿಗೆ ಉಚಿತ ಕಾನೂನು ನೆರವು ಕೊಡುವ ಕರ್ತವ್ಯದಿಂದ ಸರ್ಕಾರವು ಹಣದ ಕೊರತೆಯನ್ನು ತೋರಿಸಿ ಜಾರಿಕೊಳ್ಳಲಾಗದೆಂದು ಹಿಂದೆ ನಿರ್ಣಯವಾಗಿತ್ತು. ಅದೇ ನ್ಯಾಯ ವೈದ್ಯಕೀಯ ನೆರವಿಗೂ ಸಲ್ಲುತ್ತದೆ ಎಂದಿತು. ಇಲ್ಲಿ ಬಿಲ್ಲು ಖಾಸಗಿ ಆಸ್ಪತ್ರೆಯದಾಗಿದ್ದರೂ ತಪ್ಪು ಸರ್ಕಾರಿ ಆಸ್ಪತ್ರೆಗಳದೆಂಬುದೇ ಹೊಣೆಯ ಆಧಾರವಾಯಿತು.

ಹೊಣೆಯ ಮಿತಿ

ಇದರಿಂದ ಹೊಣೆಗೆ ಮಿತಿಯೇ ಇಲ್ಲವೆಂದು ತಿಳಿಯಬಾರದು. 1998ರ ಪಂಜಾಬ್ ಸರ್ಕಾರ ಮತ್ತು ರಾಮ್ ಲುಭಾಯ ಬಗ್ಗಾ ಪ್ರಕರಣದಲ್ಲಿ ಅದೇ ನ್ಯಾಯಾಲಯವು ಯಾವ ರಾಜ್ಯದ ಸಂಪನ್ಮೂಲವೂ ಅಪರಿಮಿತವಲ್ಲವೆಂದು ಒಪ್ಪಿ, ಮರುಪಾವತಿಗೆ ದರ ನಿಗದಿಪಡಿಸಿದ ನೀತಿಯನ್ನು ಎತ್ತಿಹಿಡಿಯಿತು. ಅಲ್ಲಿ ಅರ್ಜಿದಾರರು ಸರ್ಕಾರಿ ನೌಕರ ವರ್ಗದವರು, ನಿರ್ಗತಿಕ ರೋಗಿಗಳಲ್ಲ. ಎರಡು ತೀರ್ಪುಗಳನ್ನು ಹೋಲಿಸುವಾಗ ಈ ವ್ಯತ್ಯಾಸವನ್ನು ಮರೆಯುವುದುಂಟು. 2014ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಗೌಚರ್ ಎಂಬ ಅಪರೂಪದ ಕಾಯಿಲೆಯಿಂದ ಬಳಲುತ್ತಿದ್ದ ಬಡ ಕುಟುಂಬದ ಬಾಲಕನಿಗೆ, ಪ್ರತಿ ತಿಂಗಳೂ ಲಕ್ಷಾಂತರ ರೂಪಾಯಿ ಬೇಡುವ ಚಿಕಿತ್ಸೆಯನ್ನು ಉಚಿತವಾಗಿ ಒದಗಿಸುವಂತೆ ದೆಹಲಿ ಸರ್ಕಾರಕ್ಕೆ ಆದೇಶಿಸಿತು.

ವಿನಾಯಿತಿಯಿಂದ ಮರುಪಾವತಿಯೆಡೆಗೆ

ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಬಳಕೆದಾರರ ಶುಲ್ಕವಿದ್ದರೂ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ವಿನಾಯಿತಿಯಿದೆ. ವಿನಾಯಿತಿ ಮತ್ತು ಮರುಪಾವತಿ ಒಂದೇ ಅಲ್ಲ. ವಿನಾಯಿತಿ ಕೊಟ್ಟಾಗ ಆಸ್ಪತ್ರೆಗೆ ಬರಬೇಕಾದ ಹಣ ಬರುವುದಿಲ್ಲ. ಅದನ್ನು ಬೇರೆಲ್ಲಿಂದಲಾದರೂ ತುಂಬಿಕೊಡದಿದ್ದರೆ ಔಷಧಿಯ ದಾಸ್ತಾನು ಸೊರಗುತ್ತದೆ. ಆಗ ವೈದ್ಯರು ಚೀಟಿ ಬರೆದುಕೊಡುತ್ತಾರೆ, ರೋಗಿಯ ಕಡೆಯವರು ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಕೊಳ್ಳುತ್ತಾರೆ. ಆಸ್ಪತ್ರೆಯ ಲೆಕ್ಕದಲ್ಲಿ ಬಾಕಿ ಇರುವುದೇ ಇಲ್ಲ, ಸಾಲ ಮಾತ್ರ ಮನೆಯಲ್ಲಿ ಉಳಿಯುತ್ತದೆ. ಔಷಧಿ, ಹೊರಗಿನ ಪರೀಕ್ಷೆ, ಪ್ರಯಾಣ ಹಾಗೂ ತಪ್ಪಿದ ಕೂಲಿ ಯಾವ ಬಿಲ್ಲಿನಲ್ಲಿಯೂ ಕಾಣಿಸದ ಕಾರಣ, ಈ ಪ್ರಶ್ನೆಯನ್ನು ಕೇವಲ ಪಾವತಿಯಾಗದ ಬಿಲ್ಲುಗಳ ಮೂಲಕ ಅಳೆಯುವುದು ಸಾಲದು.

ಮರುಪಾವತಿಯ ಮಾದರಿಗೆ 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಉದಾಹರಣೆ. ಇದರಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ನಿಗದಿತ ಚಿಕಿತ್ಸೆಗಳು ಉಚಿತ. ಇತರ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವಾರ್ಷಿಕ 1.5 ಲಕ್ಷ ರೂಪಾಯಿ ಮೀರದಂತೆ, ಸರ್ಕಾರ ಭರಿಸುತ್ತದೆ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಸರ್ಕಾರಿ ಆಸ್ಪತ್ರೆಯೂ ತಾನು ನೀಡಿದ ಚಿಕಿತ್ಸೆಗೆ ಹಣ ಪಡೆಯುತ್ತದೆ. ಪಟ್ಟಿಯಲ್ಲಿಲ್ಲದ ಚಿಕಿತ್ಸೆ, ಪಡಿತರ ಚೀಟಿ ಇಲ್ಲದ ವಲಸೆ ಕಾರ್ಮಿಕ, ಮಿತಿ ಮೀರಿದ ವೆಚ್ಚ, ಇವು ಯೋಜನೆಯ ಅಂಚಿನಲ್ಲಿ ಉಳಿಯುವ ಪ್ರಕರಣಗಳು. ಇಂಥವರಲ್ಲಿ ಕೆಲವರಿಗೆ ಮುಖ್ಯಮಂತ್ರಿಗಳ ಪರಿಹಾರ ನಿಧಿಯಿಂದ, ಹಾಗೂ ಕೇಂದ್ರವು 1997ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಆರೋಗ್ಯ ನಿಧಿಯಿಂದ ನೆರವು ದೊರೆಯುವುದುಂಟು; ಅದು ಅರ್ಜಿ ಹಾಕಿ ಪಡೆಯುವ ನೆರವೇ ಹೊರತು ಹಕ್ಕಲ್ಲ.

2016ರಲ್ಲಿ ಕರ್ನಾಟಕ ಆರಂಭಿಸಿದ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆಯು ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆಯನ್ನು, ಆದಾಯವನ್ನು ಕೇಳದೆ ಒದಗಿಸುವಂತೆ ರೂಪುಗೊಂಡಿತು.

ರಾಜಸ್ಥಾನದ ಕಾಯಿದೆ

ಪಾವತಿಯಾಗದ ಬಿಲ್ಲಿನ ಪ್ರಶ್ನೆಗೆ ಶಾಸನದಲ್ಲಿಯೇ ಉತ್ತರ ಕೊಟ್ಟದ್ದು ರಾಜಸ್ಥಾನ. ಅಲ್ಲಿಯ ವಿಧಾನಸಭೆ 2023ರ ಮಾರ್ಚ್‌ನಲ್ಲಿ ಅಂಗೀಕರಿಸಿದ ಆರೋಗ್ಯ ಹಕ್ಕು ಕಾಯಿದೆಯ ಪ್ರಕಾರ, ತುರ್ತು ಚಿಕಿತ್ಸೆಯನ್ನು ಮುಂಗಡ ಕೇಳದೆ ನೀಡಬೇಕು. ರೋಗಿಯು ಶುಲ್ಕ ಕೊಡದೆ ಹೋದರೆ ಆಸ್ಪತ್ರೆಯು ಅದನ್ನು ರಾಜ್ಯ ಸರ್ಕಾರದಿಂದ ಪಡೆಯಲು ಅರ್ಹವಾಗುತ್ತದೆ. ಮರುಪಾವತಿ ಎಷ್ಟು, ಯಾವಾಗ ಎಂಬ ಅನುಮಾನದಿಂದ ಖಾಸಗಿ ವೈದ್ಯರು ಪ್ರಬಲವಾಗಿ ಪ್ರತಿಭಟಿಸಿದರು. ಏಪ್ರಿಲ್ ಮೊದಲ ವಾರದಲ್ಲಿ ಸರ್ಕಾರದೊಂದಿಗೆ ಒಪ್ಪಂದವಾದ ಬಳಿಕ ಮುಷ್ಕರ ಕೊನೆಗೊಂಡಿತು.