ಕಳ್ಳನನ್ನೇ ಕಾವಲಿಗಿಟ್ಟ ಗ್ರಂಥಿ

ಎದೆಮೂಳೆಯ ಹಿಂದೆ, ಹೃದಯದ ನೆತ್ತಿಗೆ ಅಂಟಿಕೊಂಡಂತೆ ಥೈಮಸ್ ಗ್ರಂಥಿ ಇದೆ. ಮೂಳೆಮಜ್ಜೆಯಿಂದ ಬಂದ ಎಳೆಯ ಕೋಶಗಳು ಇಲ್ಲಿ ಪಳಗಿ ಟಿ ಕೋಶಗಳಾಗುತ್ತವೆ. ಇದನ್ನು ಶಾಲೆ ಎನ್ನುವುದು ರೂಢಿ. ಒಳಹೊಕ್ಕವರಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಜೀವಂತ ಹೊರಬಾರದ ಜಾಗಕ್ಕೆ ಆ ಹೆಸರು ತುಸು ಧಾರಾಳವಾಯಿತು. ಸ್ವಂತ ದೇಹದ ಮೇಲೇ ಕೈಮಾಡಬಲ್ಲ ಕೋಶಗಳನ್ನು ಥೈಮಸ್ ಇಲ್ಲೇ ಮುಗಿಸುತ್ತದೆ ಎನ್ನುತ್ತವೆ ಪಠ್ಯಪುಸ್ತಕಗಳು. ಸುಳ್ಳಲ್ಲ, ಅರ್ಧಸತ್ಯ. ಅಂಥವುಗಳಲ್ಲೇ ಕೆಲವನ್ನು ಅದು ಉಳಿಸಿಕೊಂಡು, ಮಿಕ್ಕವುಗಳನ್ನು ಹದ್ದುಬಸ್ತಿನಲ್ಲಿಡುವ ಕೆಲಸಕ್ಕೆ ಹಚ್ಚುತ್ತದೆ. ಇವೇ ನಿಯಂತ್ರಕ ಟಿ ಕೋಶಗಳು.

ಇದಕ್ಕೆ ಮೊದಲ ಸುಳಿವು ಸಿಕ್ಕಿದ್ದು ಜಪಾನಿನಲ್ಲಿ, 1969ರಲ್ಲಿ. ನಿಶಿಜುಕಾ ಮತ್ತು ಸಕಾಕುರಾ ಮೂರು ದಿನದ ಇಲಿಮರಿಗಳ ಥೈಮಸ್ ತೆಗೆದಾಗ ಅವುಗಳ ಅಂಡಾಶಯ ನಶಿಸಿಹೋಯಿತು. ಏಳನೆಯ ದಿನ ತೆಗೆದರೆ ಏನೂ ಆಗಲಿಲ್ಲ. ಕೊಲ್ಲುವ ಕೆಲಸ ಅರ್ಧಕ್ಕೆ ನಿಂತು ಪುಂಡರು ತಪ್ಪಿಸಿಕೊಂಡರು, ಅಷ್ಟೇ ಎಂದು ವಾದಿಸಬಹುದಿತ್ತು. ಆದರೆ ಆರೋಗ್ಯವಂತ ಇಲಿಯ ಟಿ ಕೋಶಗಳನ್ನು ಕೊಟ್ಟರೆ ಕಾಯಿಲೆ ಬರುತ್ತಿರಲಿಲ್ಲ. 1995ರಲ್ಲಿ ಶಿಮೊನ್ ಸಕಾಗುಚಿ ತಂಡ ಅದನ್ನೇ ತಿರುವಿಹಾಕಿತು: ಆರೋಗ್ಯವಂತ ಇಲಿಯ ಟಿ ಕೋಶಗಳಿಂದ ಸಿಡಿ25 ಎಂಬ ಗುರುತಿದ್ದವನ್ನು ಹೆಕ್ಕಿ ತೆಗೆದು, ಉಳಿದವನ್ನು ಟಿ ಕೋಶಗಳೇ ಇಲ್ಲದ ಇಲಿಗೆ ಕೊಟ್ಟಿತು. ಹಲವು ಅಂಗಗಳ ಮೇಲೆ ದಾಳಿ ಶುರುವಾಯಿತು. ಅಂದರೆ ಪುಂಡರು ಆರೋಗ್ಯವಂತರಲ್ಲೂ ಇದ್ದಾರೆ; ಅಲ್ಲಿ ಕಾವಲೂ ಇದೆ.

ಕಾವಲುಗಾರ ತಯಾರಾಗುವ ಬಗೆ ಹೀಗೆ. ಥೈಮಸ್ಸಿನ ಒಳತಿರುಳಿನ ಕೋಶಗಳು ಏರ್ ಎಂಬ ಜೀನ್ ನೆರವಿನಿಂದ ಇನ್ಸುಲಿನ್‌ನಂಥ, ಬೇರೆ ಅಂಗಗಳಿಗೆ ಸೇರಿದ ಪ್ರೋಟೀನುಗಳ ತುಣುಕುಗಳನ್ನು ಸ್ವಲ್ಪ ಸ್ವಲ್ಪವೇ ಮುಂದೊಡ್ಡುತ್ತವೆ. ಅವನ್ನು ಬಿಗಿಯಾಗಿ ಕಚ್ಚಿಕೊಂಡ ಎಳೆಯ ಕೋಶಕ್ಕೆ ಸಾವು, ಸಡಿಲವಾಗಿ ತಾಕಿದ್ದಕ್ಕೆ ಸಾಮಾನ್ಯ ಟಿ ಕೋಶದ ಬದುಕು. ನಡುವಿನ ಹಿಡಿತದವುಗಳ ಮೈಮೇಲೆ ಸಿಡಿ25 ಮೂಡುತ್ತದೆ. ಅದು ಇಂಟರ್‌ಲ್ಯೂಕಿನ್-2 ಎಂಬ ಸಂಕೇತವನ್ನು ಹಿಡಿದುಕೊಂಡರೆ ಫಾಕ್ಸ್‌ಪಿ3 ಜೀನ್ ಚಾಲೂ ಆಗಿ, ಕೋಶ ಕಾವಲಿಗೆ ಸೇರುತ್ತದೆ. ಆ ಜೀನ್ ಕೆಟ್ಟರೆ ಏನಾದೀತೆಂದು 2001ರಲ್ಲಿ ಬ್ರಂಕೋ ಮತ್ತು ರಾಮ್ಸ್‌ಡೆಲ್ ತೋರಿಸಿದರು: ಹಸುಳೆಯಲ್ಲೇ ಮಧುಮೇಹ, ನಿಲ್ಲದ ಭೇದಿ, ಇಸಬು. ಇವರಿಬ್ಬರಿಗೂ ಸಕಾಗುಚಿಗೂ 2025ರ ನೊಬೆಲ್ ಸಂದಿತು.

ಕರುಳಿನಲ್ಲೂ ಇಂಥ ಕೋಶಗಳು ಹುಟ್ಟುತ್ತವಲ್ಲ ಎಂದರೆ, ಹೌದು. ಅವುಗಳ ಗಮನ ಹೆಚ್ಚಾಗಿ ತಿಂದ ಅನ್ನದ ಮೇಲೆ, ಅಲ್ಲಿನ ಸೂಕ್ಷ್ಮಜೀವಿಗಳ ಮೇಲೆ. ಇನ್ನೊಂದು ಆಕ್ಷೇಪ ಗಟ್ಟಿ. ಹಸುಗೂಸುಗಳ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ದಾರಿಗೆ ಅಡ್ಡವೆಂದು ಥೈಮಸ್ ತೆಗೆಯುವುದುಂಟು; ಆ ಮಕ್ಕಳಿಗೆ ಇಲಿಮರಿಗಳ ಗತಿ ಬರುವುದಿಲ್ಲವೇಕೆ? ಇಲಿಮರಿ ಈ ವಿಷಯದಲ್ಲಿ ಬಲಿಯದೆಯೇ ಹುಟ್ಟುತ್ತದೆ. ಮನುಷ್ಯರಲ್ಲಾದರೋ ಕಾವಲಿನ ಮೊದಲ ತಂಡ ತಾಯಿಯ ಹೊಟ್ಟೆಯಲ್ಲಿರುವಾಗಲೇ ಥೈಮಸ್ ಬಿಟ್ಟು ಹೊರಟಿರುತ್ತದೆ.