ವಿಮಾನ ಯಾವಾಗ ಬರುತ್ತದೆಂದು ಸಂಸತ್ತು ಕೇಳಲಿ

2025ರ ಸೆಪ್ಟೆಂಬರ್ 26ರಂದು ಚಂಡೀಗಡದಲ್ಲಿ ಮಿಗ್–21 ವಿಮಾನಗಳು ವಾಯುಪಡೆಯಿಂದ ನಿವೃತ್ತಿಯಾದವು. ಮಂಜೂರಾದ 42 ಸ್ಕ್ವಾಡ್ರನ್‌ಗಳ ಪೈಕಿ ಉಳಿದದ್ದು 29. ಈ ಕೊರತೆ ರಾತ್ರೋರಾತ್ರಿ ಬಂದದ್ದಲ್ಲ. ಹಳೆಯ ವಿಮಾನಗಳ ಜಾಗ ತುಂಬಲೆಂದೇ 1983ರಲ್ಲಿ ಹಗುರ ಯುದ್ಧವಿಮಾನ ಯೋಜನೆಗೆ ಒಪ್ಪಿಗೆ ಸಿಕ್ಕಿತ್ತು. ಆ ವಿಮಾನ ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ್ದು 2001ರ ಜನವರಿಯಲ್ಲಿ; ತೇಜಸ್ ಎಂದು ಹೆಸರಾದ ಅದರ ಮೊದಲ ಸ್ಕ್ವಾಡ್ರನ್ ರೂಪುಗೊಂಡದ್ದು 2016ರಲ್ಲಿ. 2021ರ ಫೆಬ್ರುವರಿಯಲ್ಲಿ ಸುಮಾರು 48 ಸಾವಿರ ಕೋಟಿ ರೂಪಾಯಿಗೆ 83 ತೇಜಸ್ ವಿಮಾನಗಳಿಗಾಗಿ ಎಚ್‌ಎಎಲ್ ಜತೆ ಒಪ್ಪಂದವಾಯಿತು. 2024ರ ಮಾರ್ಚ್ ಹೊತ್ತಿಗೆ ಬರಬೇಕಿದ್ದ ಮೊದಲ ವಿಮಾನ ಬರಲಿಲ್ಲ. ಅಮೆರಿಕದ ಜಿಇ ಕಂಪನಿ ನಿಂತುಹೋಗಿದ್ದ ಅದರ ಎಂಜಿನ್ ತಯಾರಿಕೆಯನ್ನು ಮತ್ತೆ ಶುರುಮಾಡಿ ಮೊದಲ ಎಂಜಿನ್ ಒಪ್ಪಿಸುವಷ್ಟರಲ್ಲಿ 2025ರ ಮಾರ್ಚ್ ಬಂದಿತ್ತು. ನಮ್ಮದೇ ಕಾವೇರಿ ಎಂಜಿನ್ 2008ರಲ್ಲೇ ತೇಜಸ್ ಯೋಜನೆಯಿಂದ ಬೇರ್ಪಟ್ಟಿದ್ದರಿಂದ ಕಾಯದೆ ಬೇರೆ ದಾರಿ ಇರಲಿಲ್ಲ. ಹಣ ಮಂಜೂರಾಗಿತ್ತು, ಜಾರಿಹೋದದ್ದು ಕಾಲ.

ಆದರೂ ರಕ್ಷಣೆಯ ಮಾತು ಬಂದಾಗ ನಮ್ಮ ಜನಪ್ರತಿನಿಧಿಗಳು ಬಜೆಟ್‌ನ ಒಟ್ಟು ಮೊತ್ತದ ಸುತ್ತಲೇ ಸುತ್ತುತ್ತಾರೆ. 2025–26ರಲ್ಲಿ ಆ ಮೊತ್ತ 6.81 ಲಕ್ಷ ಕೋಟಿ. ಅದರಲ್ಲಿ ಬಂಡವಾಳ ವೆಚ್ಚ 1.80 ಲಕ್ಷ ಕೋಟಿ, ಪಿಂಚಣಿ ಸುಮಾರು 1.60 ಲಕ್ಷ ಕೋಟಿ. 2018 ಮತ್ತು 2023ರಲ್ಲಂತೂ ಗದ್ದಲದ ನಡುವೆ ರಕ್ಷಣೆಯದೂ ಸೇರಿ ಎಲ್ಲ ಅನುದಾನ ಬೇಡಿಕೆಗಳೂ ಚರ್ಚೆಯಿಲ್ಲದೆ ಗಿಲೋಟಿನ್‌ನಲ್ಲಿ, ಅಂದರೆ ಒಟ್ಟಿಗೆ ಮತಕ್ಕೆ ಹಾಕುವ ಕ್ರಮದಲ್ಲಿ, ಪಾಸಾದವು. ಸೇನೆಯ ಶಸ್ತ್ರಾಸ್ತ್ರಗಳಲ್ಲಿ ಶೇ 68ರಷ್ಟು ಹಳೆಯ ಕಾಲದವು ಎಂದು ಸಂಸದೀಯ ಸ್ಥಾಯಿ ಸಮಿತಿಯ ವರದಿ ಎಚ್ಚರಿಸಿದ್ದು ಅದೇ 2018ರಲ್ಲಿ! ವರ್ಷಾಂತ್ಯಕ್ಕೆ ಲ್ಯಾಪ್ಸ್ ಆಗದ ಆಧುನೀಕರಣ ನಿಧಿ ಬೇಕೆಂದು ಸಮಿತಿ ಹೇಳುತ್ತ ಬಂದಿದೆ, 15ನೇ ಹಣಕಾಸು ಆಯೋಗವೂ ಅದನ್ನು ಶಿಫಾರಸು ಮಾಡಿತು. ಅದು ಆಗಬೇಕಾದದ್ದೇ. ಆದರೆ ಬಾರದ ಎಂಜಿನ್ನನ್ನು ಯಾವ ನಿಧಿಯೂ ತರಿಸಲಾರದು. ಪ್ರತಿಯೊಂದು ದೊಡ್ಡ ಒಪ್ಪಂದದಲ್ಲೂ ಮಾತು ಕೊಟ್ಟ ದಿನ ಯಾವುದು, ಈಗ ಹೇಳುತ್ತಿರುವ ದಿನ ಯಾವುದು, ತಡ ಎಲ್ಲಾಯಿತು ಎಂಬ ಲೆಕ್ಕವನ್ನು ಸರ್ಕಾರ ಪ್ರತಿವರ್ಷ ಸದನದ ಮುಂದಿಡಬೇಕು. ಅದರ ಮೇಲಿನ ಚರ್ಚೆಗೆ ಗಿಲೋಟಿನ್ ತಾಗಬಾರದು.

ಇದರಿಂದ ಗುಟ್ಟು ಹೊರಬೀಳುತ್ತದೆ ಎಂಬ ಆತಂಕ ಕೇಳಿಬರುತ್ತದೆ. ರೇಡಾರಿನ ಸಾಮರ್ಥ್ಯ, ಕ್ಷಿಪಣಿಗಳ ದಾಸ್ತಾನು ಖಂಡಿತ ಗೋಪ್ಯವಾಗಿರಲಿ. ಗಡುವಿಗೆ ಆ ರಕ್ಷೆ ಬೇಕಿಲ್ಲ. ತೇಜಸ್ ಮಾರ್ಕ್–1ರಲ್ಲಿ 53 ಕೊರತೆಗಳಿವೆ ಎಂದು ಸಿಎಜಿ 2015ರಲ್ಲೇ ಬಹಿರಂಗವಾಗಿ ಬರೆಯಿತು. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ಅಲ್ಲಿನ ದೊಡ್ಡ ಶಸ್ತ್ರಾಸ್ತ್ರ ಯೋಜನೆಗಳ ವೆಚ್ಚ, ವಿಳಂಬಗಳನ್ನು ವರ್ಷವರ್ಷವೂ ಪ್ರಕಟಿಸುತ್ತದೆ. ಸ್ವದೇಶಿಯ ಹಟ ಬಿಟ್ಟು ಹೊರಗಿನಿಂದ ಕೊಂಡರೆ ಬೇಗ ಬರುತ್ತದೆ ಎನ್ನುವವರದು ಇನ್ನೂ ಗಟ್ಟಿ ವಾದ. ಆದರೆ 126 ವಿಮಾನಗಳಿಗೆ 2007ರಲ್ಲಿ ಕರೆದ ಟೆಂಡರ್ 2015ರಲ್ಲಿ ಬಿದ್ದುಹೋಗಿ, 2016ರಲ್ಲಿ 36 ರಫೇಲ್‌ಗಳ ಒಪ್ಪಂದವಾಗಿ, ಮೊದಲ ಐದು ಅಂಬಾಲದಲ್ಲಿ ಇಳಿದದ್ದು 2020ರ ಜುಲೈನಲ್ಲಿ. ಕೊಳ್ಳುವ ತೀರ್ಮಾನವನ್ನೇ ಎಳೆದಾಡಿದರೆ ಆಮದೂ ಅಷ್ಟೇ ತಡ.

ಮಿಗ್–21 ನಿವೃತ್ತಿಯ ಹಿಂದಿನ ದಿನವೇ ಇನ್ನೂ 97 ತೇಜಸ್‌ಗಳಿಗೆ 62,370 ಕೋಟಿ ರೂಪಾಯಿಯ ಒಪ್ಪಂದವಾಯಿತು. 2027–28ರಿಂದ ಆರು ವರ್ಷಗಳಲ್ಲಿ ಅವು ಬರಬೇಕು. ಈ ಲೋಕಸಭೆಯ ಅವಧಿ 2029ಕ್ಕೇ ಮುಗಿಯುತ್ತದೆ. ಮುಂದೆ ಬರುವ ಸದಸ್ಯರು ಯಾವ ಮಾತಿಗೆ ಯಾರನ್ನು ಹೊಣೆ ಮಾಡಬೇಕೆಂಬುದು ಇಂದಿನವರು ಕಡತದಲ್ಲಿ ಏನನ್ನು ದಾಖಲಿಸಿ ಹೋಗುತ್ತಾರೆ ಎಂಬುದರ ಮೇಲೆ ನಿಂತಿದೆ.